ಸರ್ಕಾರಿ ಕಂಪ್ಯೂಟರ್‌ಗಳ ಭದ್ರತಾ ಪ್ರೊಫೈಲ್‌ಗಳನ್ನು ಅಗತ್ಯಕ್ಕೆ ಹೊಂದಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸರ್ಕಾರಿ ಇಲಾಖೆಗಳಿಗೆ ಅಥವಾ ಅವುಗಳ ಗುತ್ತಿಗೆದಾರ ಸಂಸ್ಥೆಗಳಿಗೆ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವರು ಭದ್ರತಾ ನಿಯಮಗಳ ಸಿದ್ಧ ಸಂಗ್ರಹವಾದ ಸ್ಕ್ಯಾಪ್ ಸೆಕ್ಯುರಿಟಿ ಗೈಡ್ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ಅದರಲ್ಲಿರುವ ಸಿದ್ಧ ಪ್ರೊಫೈಲ್‌ಗಳನ್ನು ಯಾವುದೇ ಬದಲಾವಣೆಯಿಲ್ಲದೆ ಬಳಸಬಹುದಾದ ಕಚೇರಿಗಳು ಕಡಿಮೆ. ಬದಲಾಯಿಸುವಾಗ ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು, ಬದಲಾಯಿಸಿದ್ದಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಪ್ರೊಫೈಲ್ ಎಂದರೆ ನಿಖರವಾಗಿ ಏನು?

ಭದ್ರತಾ ನಿಯಮಗಳ ದೊಡ್ಡದೊಂದು ಸಂಗ್ರಹದಿಂದ ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ ಆರಿಸಿದ ನಿಯಮಗಳು ಮತ್ತು ಆ ನಿಯಮಗಳಿಗೆ ನಿಗದಿ ಮಾಡಿದ ಮೌಲ್ಯಗಳು, ಇವೆರಡೂ ಸೇರಿದ್ದೇ ಪ್ರೊಫೈಲ್. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ರೂಪಿಸಿದ ಸ್ಕ್ಯಾಪ್ ಮಾನಕದ ಪ್ರಕಾರ ಇವುಗಳನ್ನು ಬರೆಯಲಾಗುತ್ತದೆ. ನಿಯಮಗಳ ಪಟ್ಟಿ, ವಿವರಣೆ ಮತ್ತು ಆಯ್ಕೆ ಎಕ್ಸ್‌ಸಿಸಿಡಿಎಫ್ ಎಂಬ ಭಾಷೆಯಲ್ಲಿರುತ್ತವೆ; ಯಂತ್ರದ ಮೇಲೆ ನಿಜವಾಗಿ ಏನನ್ನು ಪರೀಕ್ಷಿಸಬೇಕು ಎಂಬುದು ಓವಲ್ ಎಂಬ ಭಾಷೆಯಲ್ಲಿರುತ್ತದೆ. ಹೊಂದಿಸಿಕೊಳ್ಳುವ ಕೆಲಸವೆಲ್ಲ ಎಕ್ಸ್‌ಸಿಸಿಡಿಎಫ್ ಮಟ್ಟದಲ್ಲೇ ನಡೆಯುವುದರಿಂದ ಓವಲ್ ಕಲಿಯದಿದ್ದರೂ ಇದನ್ನು ಮಾಡಬಹುದು.

ಒಂದೇ ಸಂಗ್ರಹದಲ್ಲಿ ಹಲವು ಪ್ರೊಫೈಲ್‌ಗಳಿರುತ್ತವೆ. ಅಮೆರಿಕದ ರಕ್ಷಣಾ ಇಲಾಖೆಗೆ ಸೇರಿದ ಡಿಸಾ ಸಂಸ್ಥೆಯು ಸ್ಟಿಗ್ ಎಂಬ ಹೆಸರಿನಲ್ಲಿ ಹೊರತರುವ ಭದ್ರತಾ ಮಾರ್ಗಸೂಚಿ ಅವುಗಳಲ್ಲಿ ಹೆಚ್ಚು ಪರಿಚಿತವಾದದ್ದು. ಪಾವತಿ ಕಾರ್ಡ್ ಉದ್ಯಮದ ಪಿಸಿಐ-ಡಿಎಸ್‌ಎಸ್, ಸಿಐಎಸ್ ಮಾನದಂಡಗಳು, ಆಸ್ಟ್ರೇಲಿಯಾದ ಎಸೆನ್ಷಿಯಲ್ ಎಯ್ಟ್, ಫ್ರಾನ್ಸಿನ ಆನ್ಸಿ ಸಂಸ್ಥೆಯ ನಾಲ್ಕು ಹಂತದ ಪ್ರೊಫೈಲ್‌ಗಳು ಕೂಡ ಅದೇ ಸಂಗ್ರಹದಲ್ಲಿವೆ. ಸ್ಕ್ಯಾಪ್ ಸೆಕ್ಯುರಿಟಿ ಗೈಡ್ ಯೋಜನೆಯ ಹೆಸರು 2018ರಲ್ಲಿ ಕಂಪ್ಲಯನ್ಸ್‌ಆ್ಯಸ್‌ಕೋಡ್ ಎಂದು ಬದಲಾಯಿತು. ರೆಡ್ ಹ್ಯಾಟ್ ಮತ್ತು ಫೆಡೋರಾ ಎಂಬ ಲಿನಕ್ಸ್ ಬಗೆಗಳಲ್ಲಿ ಪ್ಯಾಕೇಜಿನ ಹೆಸರು ಮಾತ್ರ ಹಳೆಯದೇ ಉಳಿದಿದೆ.

ಎಲ್ಲರಿಗೂ ಒಂದೇ ಪ್ರೊಫೈಲ್ ಇರಲಿ ಎಂಬುದೇ ಮೂಲ ಉದ್ದೇಶವಲ್ಲವೇ? ಹಾಗಿದ್ದ ಮೇಲೆ ಬದಲಾಯಿಸುವುದು ತಪ್ಪಲ್ಲವೇ?

ಉದ್ದೇಶ ಅದೇ ಆಗಿತ್ತು ಎಂಬುದು ನಿಜ. 2007ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರ ಆಡಳಿತ ಮತ್ತು ಆಯವ್ಯಯ ಕಚೇರಿಯು, ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ಟಾ ಬಳಸುವ ಎಲ್ಲ ಫೆಡರಲ್ ಇಲಾಖೆಗಳೂ 2008ರ ಫೆಬ್ರವರಿ 1ರೊಳಗೆ ಒಂದೇ ಬಗೆಯ ಭದ್ರತಾ ಸಂರಚನೆಗೆ ಬರಬೇಕೆಂದು ಆದೇಶಿಸಿತು. ಒಂದೊಂದು ಇಲಾಖೆ ಒಂದೊಂದು ರೀತಿಯಲ್ಲಿ ಯಂತ್ರಗಳನ್ನು ಬಿಗಿಗೊಳಿಸುತ್ತಿದ್ದ ಕಾಲದಲ್ಲಿ ಅದು ಬೇಕಾಗಿಯೂ ಇತ್ತು.

ಆದರೆ ಹೊಂದಿಸಿಕೊಳ್ಳುವುದನ್ನು ನಿಯಂತ್ರಣ ವ್ಯವಸ್ಥೆಯೇ ಒಪ್ಪಿಕೊಂಡಿದೆ. ಇಲಾಖೆಗಳು ಪಾಲಿಸಬೇಕಾದ ನಿಯಂತ್ರಣಗಳ ಮೂಲ ಗ್ರಂಥವಾದ ನಿಸ್ಟ್‌ನ 800-53, ಹಲವು ಕಡೆ ಅವಧಿ, ಸಂಖ್ಯೆ ಮುಂತಾದವುಗಳನ್ನು ಸಂಸ್ಥೆಯೇ ತುಂಬಿಕೊಳ್ಳಲೆಂದು ಖಾಲಿ ಬಿಟ್ಟಿದೆ. ಅದರ ಜೊತೆಗಾರ ಪ್ರಕಟಣೆಯಾದ 800-53ಬಿ, ಕೆಳ, ಮಧ್ಯಮ ಮತ್ತು ಉನ್ನತ ಎಂಬ ಮೂರು ತಳಹದಿಗಳನ್ನು ಕೊಟ್ಟು, ಅವುಗಳನ್ನು ಸಂಸ್ಥೆಯ ಪರಿಸ್ಥಿತಿಗೆ ಹೇಗೆ ಹೊಂದಿಸಿಕೊಳ್ಳಬೇಕೆಂಬುದನ್ನು ಪ್ರತ್ಯೇಕವಾಗಿ ವಿವರಿಸುತ್ತದೆ. ಎಂದ ಮೇಲೆ ಬದಲಾಯಿಸುವುದರಲ್ಲಿ ತಪ್ಪಿಲ್ಲ. ಯಾರ ಒಪ್ಪಿಗೆಯೂ ಇಲ್ಲದೆ, ಯಾವ ಕಾರಣವನ್ನೂ ಬರೆದಿಡದೆ ಬದಲಾಯಿಸುವುದು ತಪ್ಪು. ಈ ಪುಟದ ಉಳಿದೆಲ್ಲ ಉತ್ತರಗಳೂ ಈ ಒಂದು ವ್ಯತ್ಯಾಸದ ಮೇಲೆಯೇ ನಿಂತಿವೆ.

ಮೂಲ ಕಡತವನ್ನೇ ನಕಲು ಮಾಡಿ, ಬೇಡವಾದ ನಿಯಮಗಳನ್ನು ಅಳಿಸಿಬಿಟ್ಟರೆ ಸಾಲದೇ?

ಮಾಡಬೇಡಿ. ಮೊದಲ ವಾರ ಇದು ಸುಲಭವೆನಿಸುತ್ತದೆ. ಡಿಸಾ ತನ್ನ ಸ್ಟಿಗ್‌ಗಳನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತದೆ. ಸ್ಕ್ಯಾಪ್ ಸೆಕ್ಯುರಿಟಿ ಗೈಡ್ ಕೂಡ ಅದರ ಹಿಂದೆಯೇ ಹೊಸ ಆವೃತ್ತಿಗಳನ್ನು ಹೊರತರುತ್ತಿರುತ್ತದೆ. ನಕಲು ಮಾಡಿಕೊಂಡವರಿಗೆ ಆ ತಿದ್ದುಪಡಿಗಳು ಯಾವುವೂ ತಾನಾಗಿ ಬರುವುದಿಲ್ಲ. ವರ್ಷ ಕಳೆಯುವುದರೊಳಗೆ ನಿಮ್ಮ ಕಡತದಲ್ಲಿರುವ ಯಾವ ವ್ಯತ್ಯಾಸ ನೀವೇ ಬೇಕೆಂದು ಮಾಡಿದ್ದು, ಯಾವುದು ಹಳೆಯದಾಗಿದ್ದರಿಂದ ಉಳಿದದ್ದು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಲಕ್ಷಾಂತರ ಸಾಲುಗಳ ಎಕ್ಸ್‌ಎಂಎಲ್ ಕಡತವೊಂದನ್ನು ಆಡಿಟರ್ ಮುಂದಿಟ್ಟು ‘ಇದರಲ್ಲಿ ಎಲ್ಲೋ ಕೆಲವು ಬದಲಾವಣೆಗಳಿವೆ’ ಎಂದು ಹೇಳುವ ಪರಿಸ್ಥಿತಿ ಯಾರಿಗೂ ಬೇಡ.

ಇದಕ್ಕಾಗಿಯೇ ಎಕ್ಸ್‌ಸಿಸಿಡಿಎಫ್ 1.2ರಲ್ಲಿ ಟೈಲರಿಂಗ್ ಕಡತ ಎಂಬ ವ್ಯವಸ್ಥೆಯಿದೆ. ಮೂಲ ಸಂಗ್ರಹವನ್ನು ಮುಟ್ಟದೆ, ಅದಕ್ಕೂ ನಿಮ್ಮ ಅಗತ್ಯಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಒಂದು ಪುಟ್ಟ ಕಡತದಲ್ಲಿ ಬರೆಯುತ್ತೀರಿ. ಮೂಲ ಪ್ಯಾಕೇಜ್ ತನ್ನ ಪಾಡಿಗೆ ಪರಿಷ್ಕರಣೆಯಾಗುತ್ತಿರುತ್ತದೆ, ನಿಮ್ಮ ಕಡತ ಅದರ ಮೇಲೆ ಕುಳಿತಿರುತ್ತದೆ.

ಟೈಲರಿಂಗ್ ಕಡತದೊಳಗೆ ಏನೇನಿರುತ್ತದೆ?

ಯಾವ ಸಂಗ್ರಹಕ್ಕೆ ಸಂಬಂಧಿಸಿದ್ದು ಎಂಬ ಉಲ್ಲೇಖ, ಕಡತದ ಆವೃತ್ತಿ ಮತ್ತು ಸಮಯ, ಅದಾದ ಮೇಲೆ ಒಂದು ಅಥವಾ ಹೆಚ್ಚು ಹೊಸ ಪ್ರೊಫೈಲ್‌ಗಳು. ಪ್ರತಿಯೊಂದು ಹೊಸ ಪ್ರೊಫೈಲಿಗೂ ತನ್ನದೇ ಗುರುತು ಇರುತ್ತದೆ, ಮತ್ತು ಅದು ಯಾವ ಮೂಲ ಪ್ರೊಫೈಲನ್ನು ವಿಸ್ತರಿಸುತ್ತದೆ ಎಂದು ಅದೇ ಸಾಲಿನಲ್ಲಿ ಬರೆದಿರುತ್ತದೆ. ಅದರ ಕೆಳಗೆ ನಾಲ್ಕು ಬಗೆಯ ಸಾಲುಗಳು ಬರಬಹುದು: ಒಂದು ನಿಯಮವನ್ನು ಸೇರಿಸುವ ಅಥವಾ ಕೈಬಿಡುವ ಸಾಲು, ಮೂಲದಲ್ಲಿ ಮೊದಲೇ ಕೊಟ್ಟಿರುವ ಮೌಲ್ಯಗಳಲ್ಲಿ ಒಂದನ್ನು ಆರಿಸುವ ಸಾಲು, ಪಟ್ಟಿಯಲ್ಲಿಲ್ಲದ ಮೌಲ್ಯವನ್ನು ನೇರವಾಗಿ ಬರೆಯುವ ಸಾಲು, ನಿಯಮದ ತೀವ್ರತೆ, ತೂಕ ಅಥವಾ ಪಾತ್ರವನ್ನು ತಿದ್ದುವ ಸಾಲು.

ಹೊಸ ಪ್ರೊಫೈಲಿನ ಗುರುತಿನಲ್ಲಿ ನಿಮ್ಮ ಸಂಸ್ಥೆಯ ಡೊಮೇನ್ ಹೆಸರನ್ನು ಹಿಂದುಮುಂದಾಗಿ ಬರೆಯುವುದು ರೂಢಿ. ಉಪಕರಣ ತಾನಾಗಿ ಕೊಡುವ ಹೆಸರನ್ನು ಹಾಗೇ ಬಿಟ್ಟರೆ, ಮುಂದೊಂದು ದಿನ ಎರಡು ತಂಡಗಳ ಕಡತಗಳಲ್ಲಿ ಒಂದೇ ಗುರುತು ಕಾಣಿಸಿಕೊಂಡು ವರದಿಗಳು ಕಲಸಿಹೋಗುತ್ತವೆ.

ಇದನ್ನು ಬರೆಯಲು ಯಾವ ಉಪಕರಣ ಬಳಸಬೇಕು?

ಚಿತ್ರಾತ್ಮಕ ಪರದೆ ಬೇಕೆನ್ನುವವರು ಬಹುಕಾಲ ಸ್ಕ್ಯಾಪ್ ವರ್ಕ್‌ಬೆಂಚ್ ಬಳಸುತ್ತಿದ್ದರು. ಈಗ, ಪ್ರೊಫೈಲಿನ ಪ್ರಕಾರ ಯಂತ್ರವನ್ನು ಪರೀಕ್ಷಿಸುವ, ಅಂದರೆ ಸ್ಕ್ಯಾನ್ ಮಾಡುವ, ಓಪನ್‌ಸ್ಕ್ಯಾಪ್ ಉಪಕರಣದ ಜೊತೆಗೇ ಬರುವ ಆಟೋಟೈಲರ್ ಎಂಬ ಆಜ್ಞೆ ಸಾಕು: ಮೂಲ ಕಡತ, ಮೂಲ ಪ್ರೊಫೈಲ್, ಕೈಬಿಡುವ ಮತ್ತು ಸೇರಿಸುವ ನಿಯಮಗಳು, ಬದಲಾಗಬೇಕಾದ ಮೌಲ್ಯಗಳು ಇಷ್ಟನ್ನು ಕೊಟ್ಟರೆ ಕಡತವನ್ನು ಅದೇ ಬರೆದುಕೊಡುತ್ತದೆ. ಆಜ್ಞೆಯನ್ನು ಸ್ಕ್ರಿಪ್ಟ್‌ನಲ್ಲಿಟ್ಟುಕೊಂಡರೆ ಬೇಕೆಂದಾಗ ಮತ್ತೆ ತಯಾರಿಸಿಕೊಳ್ಳಬಹುದು.

ಗುಪ್ತಪದದ ಉದ್ದ, ಖಾತೆ ಬೀಗದಂಥ ಮೌಲ್ಯಗಳನ್ನು ಬದಲಾಯಿಸುವಾಗ ಏನನ್ನು ಗಮನಿಸಬೇಕು?

ಮೊದಲು ಯಾವ ಕಡೆಗೆ ಬದಲಾಯಿಸುತ್ತಿದ್ದೀರಿ ಎಂಬುದನ್ನು ನೋಡಿ. ಸ್ಟಿಗ್ ಕೇಳುವುದು ಕನಿಷ್ಠ 15 ಅಕ್ಷರಗಳ ಗುಪ್ತಪದ, ಸಿಐಎಸ್ ಕೇಳುವುದು 14. ಸಿಐಎಸ್ ಪ್ರೊಫೈಲನ್ನು 15ಕ್ಕೆ ಏರಿಸಿದರೆ ಯಾರೂ ಪ್ರಶ್ನಿಸುವುದಿಲ್ಲ. ಸ್ಟಿಗ್ ಪ್ರೊಫೈಲನ್ನು 14ಕ್ಕೆ ಇಳಿಸಿದರೆ ಅದು ಸ್ಟಿಗ್‌ನ ಉಲ್ಲಂಘನೆ; ನಿಮ್ಮ ಸ್ಕ್ಯಾನ್ ವರದಿ ಅದನ್ನು ಹಸಿರಾಗಿ ತೋರಿಸಿದ ಮಾತ್ರಕ್ಕೆ ಅದು ಉಲ್ಲಂಘನೆಯಲ್ಲದೆ ಹೋಗುವುದಿಲ್ಲ.

ಎರಡನೆಯದಾಗಿ, ದೊಡ್ಡ ಸಂಖ್ಯೆಯೇ ಬಿಗಿ ಎಂದುಕೊಳ್ಳಬೇಡಿ. ಖಾತೆಯ ಬೀಗವನ್ನೇ ತೆಗೆದುಕೊಳ್ಳಿ. ರೆಡ್ ಹ್ಯಾಟ್ ಲಿನಕ್ಸ್ 8 ಮತ್ತು 9ರ ಸ್ಟಿಗ್ ಪ್ರಕಾರ 15 ನಿಮಿಷದೊಳಗೆ ಮೂರು ಬಾರಿ ತಪ್ಪು ಗುಪ್ತಪದ ಕೊಟ್ಟರೆ ಖಾತೆಗೆ ಬೀಗ ಬೀಳಬೇಕು, ಮತ್ತು ಆಡಳಿತಗಾರರೇ ತೆಗೆಯುವವರೆಗೆ ಅದು ತೆರೆಯಬಾರದು. ಈ ‘ತೆರೆಯಬಾರದು’ ಎಂಬುದನ್ನು ಸೂಚಿಸುವ ಮೌಲ್ಯ ಸೊನ್ನೆ. ಸೊನ್ನೆ ಎಂದರೆ ಬೀಗವೇ ಇಲ್ಲವೆಂದು ಭಾವಿಸಿ ಅದನ್ನು 900 ಸೆಕೆಂಡಿಗೆ ‘ಬಿಗಿಗೊಳಿಸಿದವರು’ ವಾಸ್ತವದಲ್ಲಿ ನಿಯಮವನ್ನು ಸಡಿಲಿಸಿರುತ್ತಾರೆ. ಇಂಥ ತಪ್ಪು ತೀರ ಸಹಜ, ಏಕೆಂದರೆ ಆ ಸಂಖ್ಯೆಯ ಪಕ್ಕದಲ್ಲಿ ಅರ್ಥವೇನೆಂದು ಬರೆದಿರುವುದಿಲ್ಲ. ಮೌಲ್ಯ ಬದಲಾಯಿಸುವ ಮುನ್ನ ನಿಯಮದ ವಿವರಣೆಯನ್ನೊಮ್ಮೆ ಪೂರ್ತಿ ಓದಿ.

ಸಾಧ್ಯವಿರುವ ಕಡೆಯೆಲ್ಲ ಮೊದಲೇ ಕೊಟ್ಟಿರುವ ಮೌಲ್ಯಗಳಿಂದಲೇ ಆರಿಸಿಕೊಳ್ಳುವುದು ಒಳ್ಳೆಯದು. ನೇರವಾಗಿ ಬರೆದ ಮೌಲ್ಯದಲ್ಲಿ ಅಕ್ಷರ ತಪ್ಪಿದರೆ ಹಿಡಿದು ಹೇಳುವವರು ಯಾರೂ ಇರುವುದಿಲ್ಲ.

ನಿಯಮಗಳ ಒಂದು ಇಡೀ ಗುಂಪನ್ನು ಕೈಬಿಟ್ಟು, ಅದರೊಳಗಿನ ಒಂದು ನಿಯಮವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಆ ನಿಯಮ ವರದಿಯಲ್ಲಿ ಕಾಣುತ್ತಿಲ್ಲ. ಏಕೆ?

ಒಂದು ನಿಯಮ ಪರೀಕ್ಷೆಗೆ ಬರಬೇಕಾದರೆ ಅದು ಮಾತ್ರ ಆಯ್ಕೆಯಾಗಿದ್ದರೆ ಸಾಲದು, ಅದರ ಮೇಲಿನ ಗುಂಪುಗಳೆಲ್ಲವೂ ಆಯ್ಕೆಯಾಗಿರಬೇಕು. ಗುಂಪನ್ನು ಹಾಗೇ ಇರಗೊಟ್ಟು, ಬೇಡವಾದ ನಿಯಮಗಳನ್ನು ಒಂದೊಂದಾಗಿ ಕೈಬಿಡಿ. ಸಾಲುಗಳು ಹೆಚ್ಚಾಗುತ್ತವೆ, ನಿಜ; ಆದರೆ ಪ್ರತಿಯೊಂದಕ್ಕೂ ಕಾರಣ ಬರೆಯಲು ಜಾಗ ಸಿಗುತ್ತದೆ.

ಒಂದು ನಿಯಮ ಪ್ರತಿ ಸ್ಕ್ಯಾನ್‌ನಲ್ಲೂ ವಿಫಲವಾಗುತ್ತಿದೆ. ಅದನ್ನು ಪ್ರೊಫೈಲಿನಿಂದ ತೆಗೆದುಬಿಡಬಹುದೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಅತಿ ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ. ಕೈಬಿಟ್ಟ ನಿಯಮದ ಫಲಿತಾಂಶ ‘ಆಯ್ಕೆಯಾಗಿಲ್ಲ’ ಎಂದು ದಾಖಲಾಗುತ್ತದೆ, ಮತ್ತು ಅಂಕದ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಆದ್ದರಿಂದ ವಿಫಲವಾದ ನಿಯಮಗಳನ್ನೆಲ್ಲ ಒಂದೊಂದಾಗಿ ತೆಗೆಯುತ್ತ ಹೋದರೆ ಯಂತ್ರದ ಮೇಲೆ ಏನನ್ನೂ ಬದಲಾಯಿಸದೆಯೇ ನೂರಕ್ಕೆ ನೂರು ಅಂಕ ಪಡೆಯಬಹುದು. ಆ ಅಂಕ ಯಾರ ಉಪಯೋಗಕ್ಕೂ ಬಾರದು.

ವಿಫಲವಾದದ್ದು ಏಕೆ ಎಂಬುದರ ಮೇಲೆ ಉತ್ತರ ನಿಂತಿದೆ. ಆ ನಿಯಮ ನಿಮ್ಮ ಯಂತ್ರಕ್ಕೆ ಸಂಬಂಧಪಡುವುದೇ ಇಲ್ಲ ಎನ್ನುವುದಾದರೆ, ಹಲವು ಬಾರಿ ಸಂಗ್ರಹವೇ ಅದನ್ನು ಗುರುತಿಸಿ ‘ಅನ್ವಯಿಸುವುದಿಲ್ಲ’ ಎಂದು ಹೇಳುತ್ತದೆ. ಹಾಗೆ ಹೇಳದಿದ್ದಾಗ ಮಾತ್ರ ಕೈಬಿಡುವುದು ಸರಿ. ನಿಯಮ ಅನ್ವಯಿಸುತ್ತದೆ, ಆದರೆ ಅದೇ ಉದ್ದೇಶವನ್ನು ನೀವು ಬೇರೆ ದಾರಿಯಿಂದ ಈಡೇರಿಸಿದ್ದೀರಿ ಎನ್ನುವುದಾದರೆ, ನಿಯಮವನ್ನು ಪ್ರೊಫೈಲಿನಲ್ಲೇ ಉಳಿಸಿಕೊಂಡು ಫಲಿತಾಂಶದ ಮೇಲೆ ಟಿಪ್ಪಣಿ ಹಾಕುವುದು ಉತ್ತಮ. ಎಕ್ಸ್‌ಸಿಸಿಡಿಎಫ್ ಫಲಿತಾಂಶದಲ್ಲಿ ಇದಕ್ಕೆಂದೇ ಒಂದು ಜಾಗವಿದೆ: ಹಳೆಯ ಫಲಿತಾಂಶ, ಹೊಸ ಫಲಿತಾಂಶ, ಬದಲಾಯಿಸಿದ ಸಮಯ, ಬದಲಾಯಿಸಿದ ಅಧಿಕಾರಿ ಮತ್ತು ಷರಾ ಇವೆಲ್ಲವೂ ಅದರಲ್ಲಿ ದಾಖಲಾಗುತ್ತವೆ. ಹಳೆಯ ಫಲಿತಾಂಶವನ್ನು ಅಳಿಸದೆ ಇಟ್ಟುಕೊಳ್ಳುವುದೇ ಈ ವಿಧಾನದ ಹೆಚ್ಚುಗಾರಿಕೆ.

ಇನ್ನುಳಿದದ್ದು, ನಿಯಮ ಅನ್ವಯಿಸುತ್ತದೆ, ಪಾಲಿಸಲು ಸದ್ಯಕ್ಕೆ ಆಗುತ್ತಿಲ್ಲ ಎಂಬ ಸ್ಥಿತಿ. ಹಳೆಯ ತಂತ್ರಾಂಶವೊಂದು ಫಿಪ್ಸ್ ಮೋಡ್‌ನಲ್ಲಿ (ಅಮೆರಿಕ ಸರ್ಕಾರದ ಮಾನಕ ಒಪ್ಪುವ ಗೂಢಲಿಪೀಕರಣವನ್ನಷ್ಟೇ ಬಳಸುವ ಸ್ಥಿತಿಯಲ್ಲಿ) ಓಡುತ್ತಿಲ್ಲ, ಮಾರಾಟಗಾರರು ಹೊಸ ಆವೃತ್ತಿಯನ್ನು ಮುಂದಿನ ವರ್ಷ ಕೊಡುತ್ತಾರಂತೆ ಎಂಬಂಥದ್ದು. ಇಲ್ಲಿ ನಿಯಮವನ್ನು ಮುಟ್ಟಲೇಬಾರದು. ಅದು ವಿಫಲವಾಗಿಯೇ ಕಾಣಬೇಕು, ಮತ್ತು ಯಾವಾಗ, ಹೇಗೆ ಸರಿಪಡಿಸುತ್ತೀರಿ ಎಂಬುದು ಪಿಒಎಎಂ ಎಂದು ಕರೆಯುವ ಕ್ರಿಯಾ ಯೋಜನೆಯ ದಾಖಲೆಯಲ್ಲಿ ಸೇರಬೇಕು. ಆ ಅಪಾಯವನ್ನು ಒಪ್ಪಿಕೊಳ್ಳುವ ಅಧಿಕಾರ ವ್ಯವಸ್ಥೆಗೆ ಕಾರ್ಯಾನುಮತಿ ನೀಡುವ ಅಧಿಕಾರಿಯದು. ಸರ್ವರ್ ನೋಡಿಕೊಳ್ಳುವ ಎಂಜಿನಿಯರ್ ಒಂದು ಸಾಲಿನಲ್ಲಿ ‘ಆಯ್ಕೆ: ಇಲ್ಲ’ ಎಂದು ಬರೆದಾಗ, ಗೊತ್ತಿಲ್ಲದೆಯೇ ಆ ಅಧಿಕಾರಿಯ ಕೆಲಸವನ್ನು ತಾನು ಮಾಡಿರುತ್ತಾನೆ. ಒಂದನೇ ವರ್ಗದ ನಿಯಮಗಳಲ್ಲಿ, ಅಂದರೆ ಉಲ್ಲಂಘನೆಯಾದರೆ ನೇರವಾಗಿ, ಕೂಡಲೇ ಹಾನಿಯಾಗುತ್ತದೆಂದು ಡಿಸಾ ಗುರುತಿಸಿರುವವುಗಳಲ್ಲಿ, ಹೀಗೆ ಮಾಡುವುದು ಇನ್ನೂ ಗಂಭೀರ.

ನಮ್ಮ ಸರ್ವರ್‌ಗೆ ಡೆಸ್ಕ್‌ಟಾಪ್ ಪರದೆ ಬೇಕೇ ಬೇಕು. ಸ್ಟಿಗ್ ಅದನ್ನು ತೆಗೆಯಲು ಹೇಳುತ್ತದೆ. ಏನು ಮಾಡುವುದು?

ಟೈಲರಿಂಗ್ ಮಾಡುವ ಮುನ್ನ, ಬೇರೆ ಯಾರಾದರೂ ಈಗಾಗಲೇ ಮಾಡಿಟ್ಟಿದ್ದಾರೆಯೇ ನೋಡಿ. ಚಿತ್ರಾತ್ಮಕ ಪರದೆಯನ್ನು ಅನುಮೋದನೆ ಇಲ್ಲದೆ ಹಾಕಬಾರದು ಎಂಬುದು ಸ್ಟಿಗ್ ಹೇಳುವ ಮಾತು. ಅನುಮೋದನೆ ಇರುವವರಿಗಾಗಿ ಸ್ಕ್ಯಾಪ್ ಸೆಕ್ಯುರಿಟಿ ಗೈಡ್‌ನಲ್ಲಿ ಪರದೆಸಹಿತವಾದ ಪ್ರತ್ಯೇಕ ಸ್ಟಿಗ್ ಪ್ರೊಫೈಲ್ ಇದೆ. ಅದು ಮೂಲ ಸ್ಟಿಗ್ ಪ್ರೊಫೈಲನ್ನೇ ವಿಸ್ತರಿಸಿ, ಪರದೆಗೆ ಅಡ್ಡಿಯಾಗುವ ಕೆಲವೇ ನಿಯಮಗಳನ್ನು ಕೈಬಿಟ್ಟಿದೆ. ಟೈಲರಿಂಗ್ ಹೇಗಿರಬೇಕೆಂಬುದಕ್ಕೆ ಮಾದರಿಯಾಗಿಯೂ ಅದನ್ನು ಓದಬಹುದು. ಅನುಮೋದನೆಯ ಪತ್ರವನ್ನು ಮಾತ್ರ ನೀವೇ ಪಡೆದುಕೊಳ್ಳಬೇಕು. ಪ್ರೊಫೈಲ್ ಅದನ್ನು ಕೊಡುವುದಿಲ್ಲ.

ಟೈಲರಿಂಗ್ ಕಡತ ಕೊಟ್ಟೇ ಸ್ಕ್ಯಾನ್ ಮಾಡಿದೆ. ಆದರೂ ಫಲಿತಾಂಶ ಮೊದಲಿನಂತೆಯೇ ಇದೆ.

ಬಹುತೇಕ ಸಲ ಕಾರಣ ಒಂದೇ: ಸ್ಕ್ಯಾನ್ ಆಜ್ಞೆಯಲ್ಲಿ ಟೈಲರಿಂಗ್ ಕಡತವನ್ನು ಕೊಟ್ಟು, ಪ್ರೊಫೈಲಿನ ಹೆಸರಿಗೆ ಹಳೆಯ ಮೂಲ ಹೆಸರನ್ನೇ ಬರೆದಿರುತ್ತೀರಿ. ಮೂಲ ಪ್ರೊಫೈಲೂ ಅಲ್ಲಿಯೇ ಇರುವುದರಿಂದ ಉಪಕರಣ ತಕರಾರಿಲ್ಲದೆ ಅದನ್ನೇ ಓಡಿಸುತ್ತದೆ. ಹೊಸ ಪ್ರೊಫೈಲಿನ ಗುರುತನ್ನು ಕೊಡಿ, ವರದಿಯ ತಲೆಬರಹದಲ್ಲಿ ಯಾವ ಪ್ರೊಫೈಲಿನ ಹೆಸರಿದೆ ಎಂದು ಪ್ರತಿ ಸಲವೂ ನೋಡುವ ಅಭ್ಯಾಸವಿಟ್ಟುಕೊಳ್ಳಿ.

ಹೊಂದಿಸಿದ ಪ್ರೊಫೈಲಿನಿಂದ ಯಂತ್ರವನ್ನು ತಾನಾಗಿ ಸರಿಪಡಿಸಿಕೊಳ್ಳಬಹುದೇ?

ಬಹುದು. ಓಪನ್‌ಸ್ಕ್ಯಾಪ್ ಆ ಪ್ರೊಫೈಲಿಗೆ ತಕ್ಕ ಬ್ಯಾಶ್ ಸ್ಕ್ರಿಪ್ಟ್ ಅಥವಾ ಆನ್ಸಿಬಲ್ ಪ್ಲೇಬುಕ್ ತಯಾರಿಸಿಕೊಡುತ್ತದೆ, ನೇರವಾಗಿ ಯಂತ್ರದ ಮೇಲೆಯೂ ಓಡಿಸುತ್ತದೆ. ಆದರೆ ಹಿಂದಕ್ಕೆ ಹೋಗುವ ದಾರಿ ಅದರಲ್ಲಿಲ್ಲ. ನಿನ್ನೆ ಮೂಲ ಪ್ರೊಫೈಲಿನಿಂದ ಯುಎಸ್‌ಬಿ ಸಂಗ್ರಹವನ್ನು ಮುಚ್ಚಿಸಿ, ಇಂದು ಆ ನಿಯಮವನ್ನು ಟೈಲರಿಂಗ್‌ನಲ್ಲಿ ಕೈಬಿಟ್ಟರೆ ಯುಎಸ್‌ಬಿ ತೆರೆದುಕೊಳ್ಳುವುದಿಲ್ಲ. ಸ್ಕ್ಯಾನ್ ಆ ವಿಷಯವನ್ನು ಕೇಳುವುದನ್ನು ನಿಲ್ಲಿಸುತ್ತದೆ, ಅಷ್ಟೆ. ಹೀಗಾಗಿ ಟೈಲರಿಂಗ್ ಮುಗಿದ ಮೇಲೆಯೇ ಸರಿಪಡಿಸುವಿಕೆಗೆ ಕೈಹಾಕಿ, ಅದನ್ನೂ ಮೊದಲು ಪರೀಕ್ಷಾ ಯಂತ್ರದಲ್ಲಿ ಮಾಡಿ. ಹೊಸ ಯಂತ್ರಗಳಿಗಾದರೆ ಅನುಸ್ಥಾಪನೆಯ ಹಂತದಲ್ಲೇ ಟೈಲರಿಂಗ್ ಕಡತವನ್ನು ಕೊಡುವುದು ಎಲ್ಲಕ್ಕಿಂತ ಶುದ್ಧವಾದ ದಾರಿ.

ಮೂಲ ಸಂಗ್ರಹದ ಹೊಸ ಆವೃತ್ತಿ ಬಂದಾಗ ನಮ್ಮ ಕಡತಕ್ಕೆ ಏನಾಗುತ್ತದೆ?

ನೀವು ಮುಟ್ಟದೆ ಬಿಟ್ಟ ನಿಯಮಗಳೆಲ್ಲ ತಾವಾಗಿ ಹೊಸದಾಗುತ್ತವೆ. ಮೂಲ ಪ್ರೊಫೈಲಿಗೆ ಹೊಸ ನಿಯಮ ಸೇರಿದರೆ ನಿಮ್ಮ ಪ್ರೊಫೈಲಿಗೂ ಸೇರುತ್ತದೆ, ಆದ್ದರಿಂದ ಪರಿಷ್ಕರಣೆಯ ಮರುದಿನ ಹೊಸ ವಿಫಲತೆಗಳು ಕಂಡರೆ ಗಾಬರಿ ಬೇಡ. ಎಚ್ಚರಿಕೆ ಬೇಕಾದದ್ದು ಇನ್ನೊಂದು ಕಡೆ: ನೀವು ಕೈಬಿಟ್ಟ ನಿಯಮದ ಹೆಸರು ಮೂಲದಲ್ಲಿ ಬದಲಾದರೆ, ನಿಮ್ಮ ಸಾಲು ಇಲ್ಲದ ನಿಯಮವೊಂದನ್ನು ಕೈಬಿಡುತ್ತ ಕುಳಿತಿರುತ್ತದೆ, ಹೊಸ ಹೆಸರಿನ ನಿಯಮ ಜಾರಿಗೆ ಬಂದಿರುತ್ತದೆ. ಹಳೆಯ ಮತ್ತು ಹೊಸ ಆವೃತ್ತಿಗಳೆರಡರಲ್ಲೂ ಸ್ಕ್ಯಾನ್ ಓಡಿಸಿ ನಿಯಮಗಳ ಪಟ್ಟಿಯನ್ನು ಹೋಲಿಸಿದರೆ ಇದು ಕೂಡಲೇ ಕಾಣುತ್ತದೆ.

ಒಂದು ಬದಲಾವಣೆ ಎಲ್ಲರಿಗೂ ಉಪಯುಕ್ತ ಎನಿಸಿದರೆ ಮೂಲ ಯೋಜನೆಗೆ ಕಳಿಸಬಹುದೇ?

ಖಂಡಿತ ಕಳಿಸಿ. ಮೂಲದಲ್ಲಿ ಪ್ರೊಫೈಲ್‌ಗಳು ಓದಲು ಸುಲಭವಾದ ಯಾಮಲ್ ಕಡತಗಳಾಗಿರುತ್ತವೆ. ಯಾವ ಪ್ರೊಫೈಲನ್ನು ವಿಸ್ತರಿಸುತ್ತದೆ, ಯಾವ ನಿಯಮಗಳು ಬೇಕು ಎಂದು ಪಟ್ಟಿ ಮಾಡಿ, ಬೇಡವಾದ ನಿಯಮದ ಹೆಸರಿನ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಆಯಿತು. ಆದರೆ ನಿಮ್ಮ ಕಚೇರಿಯ ಅನುಕೂಲಕ್ಕೂ ಪರೀಕ್ಷೆಯಲ್ಲಿರುವ ದೋಷಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿಕೊಳ್ಳಿ. ಸರಿಯಾಗಿ ಹೊಂದಿಸಿದ ಯಂತ್ರವನ್ನೂ ನಿಯಮವೊಂದು ವಿಫಲವೆನ್ನುತ್ತಿದ್ದರೆ ಅದು ದೋಷ. ಅದನ್ನು ಸದ್ದಿಲ್ಲದೆ ಟೈಲರಿಂಗ್‌ನಲ್ಲಿ ಮುಚ್ಚಿಕೊಂಡರೆ ಉಳಿದ ಇಲಾಖೆಗಳೂ ಅದನ್ನೇ ಮಾಡುತ್ತಿರುತ್ತವೆ, ದೋಷ ಮಾತ್ರ ಹಾಗೇ ಇರುತ್ತದೆ.

ಓಪನ್‌ಶಿಫ್ಟ್ ಕ್ಲಸ್ಟರ್‌ಗಳಲ್ಲಿ ಇದೇ ಕ್ರಮವೇ?

ಓಪನ್‌ಶಿಫ್ಟ್ ಎಂದರೆ ರೆಡ್ ಹ್ಯಾಟ್‌ನ ಕಂಟೇನರ್ ವೇದಿಕೆ. ತತ್ವ ಅದೇ, ರೂಪ ಬೇರೆ. ಅಲ್ಲಿ ಕಂಪ್ಲಯನ್ಸ್ ಆಪರೇಟರ್ ಈ ಕೆಲಸ ಮಾಡುತ್ತದೆ. ಎಕ್ಸ್‌ಎಂಎಲ್ ಬದಲು ಟೈಲರ್ಡ್‌ಪ್ರೊಫೈಲ್ ಎಂಬ ವಸ್ತುವನ್ನು ಯಾಮಲ್‌ನಲ್ಲಿ ಬರೆಯುತ್ತೀರಿ. ಕೈಬಿಡುವ ನಿಯಮ, ಸೇರಿಸುವ ನಿಯಮ, ಬದಲಾಯಿಸುವ ಮೌಲ್ಯ ಇವುಗಳಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಸಮರ್ಥನೆ ಬರೆಯಲು ಒಂದು ಅಂಕಣವಿದೆ. ಲಿನಕ್ಸ್ ಟೈಲರಿಂಗ್ ಕಡತಗಳಿಗೂ ಈ ಶಿಸ್ತನ್ನು ತಂದುಕೊಳ್ಳುವುದು ಲೇಸು.

ಭಾರತದ ಸರ್ಕಾರಿ ವ್ಯವಸ್ಥೆಗಳಿಗೆ ಸ್ಟಿಗ್ ಪ್ರೊಫೈಲನ್ನು ಬಳಸಬಹುದೇ?

ತಳಹದಿಯಾಗಿ ಬಳಸಲು ಅಡ್ಡಿಯಿಲ್ಲ, ಹಾಗೇ ಎತ್ತಿಟ್ಟುಕೊಳ್ಳಲು ಬರುವುದಿಲ್ಲ. ಸ್ಟಿಗ್ ಕೇಳುವ ಲಾಗಿನ್ ಎಚ್ಚರಿಕೆಯು ನೀವು ಅಮೆರಿಕ ಸರ್ಕಾರದ ಮಾಹಿತಿ ವ್ಯವಸ್ಥೆಯನ್ನು ಪ್ರವೇಶಿಸುತ್ತಿದ್ದೀರಿ ಎಂದು ಆರಂಭವಾಗುತ್ತದೆ. ತಾನಾಗಿ ಸರಿಪಡಿಸುವ ಸ್ಕ್ರಿಪ್ಟನ್ನು ಕಣ್ಣುಮುಚ್ಚಿ ಓಡಿಸಿದರೆ ಬೆಂಗಳೂರಿನ ಕಚೇರಿಯೊಂದರ ಸರ್ವರ್ ಕೂಡ ಅದನ್ನೇ ಹೇಳತೊಡಗುತ್ತದೆ. ಸಮಯದ ವಿಷಯವೂ ಹೀಗೆಯೇ. ಸ್ಟಿಗ್ ಅಮೆರಿಕದ ನೌಕಾ ವೀಕ್ಷಣಾಲಯದಂಥ ಅಧಿಕೃತ ಮೂಲದ ಸಮಯಕ್ಕೆ ಹೊಂದಿಸಿಕೊಳ್ಳಲು ಹೇಳಿದರೆ, ಭಾರತದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ (ಸರಿಯಾದ ಸಮಯ ತಿಳಿಸುವ ಸರ್ವರ್‌ಗಳಿಗೆ), ಇಲ್ಲವೇ ಅವುಗಳನ್ನು ಆಧರಿಸಿದ ಸರ್ವರ್‌ಗಳಿಗೆ ಹೊಂದಿಸಿಕೊಳ್ಳಲು ಹೇಳುತ್ತದೆ. ಸಮಯ ಸರ್ವರ್‌ಗಳ ಪಟ್ಟಿ ಪ್ರೊಫೈಲಿನಲ್ಲಿ ಒಂದು ಮೌಲ್ಯವಾಗಿರುವುದರಿಂದ ಇದನ್ನು ಟೈಲರಿಂಗ್‌ನಲ್ಲೇ ಬದಲಾಯಿಸಬಹುದು. ಅದೇ ನಿರ್ದೇಶನದಲ್ಲಿರುವ 180 ದಿನಗಳ ಲಾಗ್ ಉಳಿಸಿಕೊಳ್ಳುವ ಷರತ್ತನ್ನು ಮತ್ತು ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡುವ ಷರತ್ತನ್ನು ಯಾವ ಸ್ಟಿಗ್ ನಿಯಮವೂ ಪರೀಕ್ಷಿಸುವುದಿಲ್ಲ. ಅವುಗಳನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಟೈಲರಿಂಗ್ ಕಡತವನ್ನು ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕು?

ಪ್ರತಿ ಬದಲಾವಣೆಯ ಇತಿಹಾಸವನ್ನೂ ಉಳಿಸಿಕೊಳ್ಳುವ ಗಿಟ್‌ನಲ್ಲಿ ಇಡಿ, ಯಾರ ವೈಯಕ್ತಿಕ ಫೋಲ್ಡರಿನಲ್ಲೂ ಬೇಡ. ಒಂದು ಬದಲಾವಣೆಗೆ ಒಂದು ಕಮಿಟ್ (ಗಿಟ್‌ನ ದಾಖಲೆ) ಇರಲಿ, ಅದರ ಸಂದೇಶದಲ್ಲಿ ಕಾರಣ, ಒಪ್ಪಿಗೆ ಕೊಟ್ಟವರ ಹುದ್ದೆ, ಒಪ್ಪಿಗೆಯ ದಾಖಲೆ ಸಂಖ್ಯೆ ಮತ್ತು ಮರುಪರಿಶೀಲನೆಯ ದಿನಾಂಕ ಇರಲಿ. ಬರೆದವರೇ ಒಪ್ಪಿಗೆ ಕೊಡುವಂತಿರಬಾರದು. ಮರುಪರಿಶೀಲನೆಯ ದಿನಾಂಕ ಮೀರಿದ ಸಾಲುಗಳನ್ನು ತಿಂಗಳಿಗೊಮ್ಮೆ ಹುಡುಕಿ ತೆಗೆಯುವ ಪುಟ್ಟ ಸ್ಕ್ರಿಪ್ಟೊಂದನ್ನು ಬರೆದಿಟ್ಟುಕೊಂಡರೆ, ‘ತಾತ್ಕಾಲಿಕ’ ಎಂದು ಕೈಬಿಟ್ಟ ನಿಯಮಗಳು ವರ್ಷಗಟ್ಟಲೆ ಉಳಿದುಕೊಳ್ಳುವುದು ತಪ್ಪುತ್ತದೆ.